ಬೆರಕೆ ಹಿಟ್ಟಿನ ಡಬ್ಬ

ಮುಳಬಾಗಿಲಿನ ಹುಣಸೆಮರದ ಬೀದಿಗೆ ಇನ್ನೂ ಹಾಲಿನವನು ಬಂದಿಲ್ಲ. ಮುನಿಗಂಗಮ್ಮ ಆಗಲೇ ಹಿಟ್ಟಿನ ಮಿಷನ್ನಿನ ಬಾಗಿಲು ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಲ್ಟು ಏರಿಸುತ್ತಿದ್ದಾರೆ. ಮೋಟರು ಗುರ್ರೆಂದ ಕೂಡಲೇ ಗೋಡೆಗಂಟಿದ ಹಿಟ್ಟು ತಲೆಯ ಮೇಲೆ ಉದುರುತ್ತದೆ. ಅರವತ್ತು ದಾಟಿದ ಕೂದಲು ನರೆತು ಬೆಳ್ಳಗಾದದ್ದೋ ಹಿಟ್ಟಿಗೆ ಬೆಳ್ಳಗಾದದ್ದೋ ಹೇಳುವುದು ಕಷ್ಟ. ಬೀಸಲು ಬಂದಿರುವುದು ಒಂದೇ ಒಂದು ರಾಗಿ ಚೀಲ.

"ಮುಂಚೆ ಈ ಹೊತ್ಗೆ ಪುಟ್ಟಿ, ಡಬ್ಬ, ಬಕೆಟ್ಟು ಆ ಮೋರಿ ತನಕ ಸಾಲು ನಿಂತಿರೋವು ಸಾರ್. ಈಗ ಮಿಷನ್ನೂ ನಾನೂ ಒಬ್ರ ಮುಖ ಒಬ್ರು ನೋಡ್ಕೊಂಡು ಕೂತಿರ್ತೀವಿ."

ಹುತ್ತೂರಿನಿಂದ ಮದುವೆಯಾಗಿ ಬಂದವರು ಇವರು. ಗಂಡ ನರಸಿಂಹಪ್ಪ ತೀರಿಕೊಂಡ ಮೇಲೆ ಮಿಷನ್ನು ಇವರ ಕೈಗೆ ಬಂತು. ಬೀದಿಯೋ, ಕಲಸುಮೇಲೋಗರ. ಗಡಿಯಾಚೆಯಿಂದ ಬಂದ ತೆಲುಗರು, ತಲೆತಲಾಂತರದಿಂದ ಇರುವ ಉರ್ದು ಮಾತಿನವರು, ಚಿನ್ನದ ಗಣಿ ಮುಚ್ಚಿದಾಗ ಗಂಟುಮೂಟೆ ಕಟ್ಟಿ ಬಂದ ತಮಿಳು ಕ್ರೈಸ್ತರು, ಸುತ್ತಲ ಹಳ್ಳಿಗಳ ಒಕ್ಕಲು ಮಕ್ಕಳು. ಇಲ್ಲಿ ಜಗಳ ತೆಲುಗಿನಲ್ಲಿ ಶುರುವಾಗಿ, ಉರ್ದುವಿನಲ್ಲಿ ಏರಿ, ಕನ್ನಡದಲ್ಲಿ ರಾಜಿಯಾಗುತ್ತಿತ್ತು.

ಒಬ್ಬರ ರಾಗಿ ಮುಗಿದು ಇನ್ನೊಬ್ಬರ ಗೋಧಿ ಬಿದ್ದಾಗ, ಕಲ್ಲಿನೊಳಗೆ ಉಳಿದದ್ದೂ ಅದರೊಂದಿಗೆ ಬರುತ್ತದೆ. ಆ ಮೊದಲ ಬೊಗಸೆಯನ್ನು ಬಾಗಿಲ ಪಕ್ಕದ ತಗಡಿನ ಡಬ್ಬಕ್ಕೆ ಹಾಕುವುದು ನರಸಿಂಹಪ್ಪ ತಂದ ಪದ್ಧತಿ. ಬೆರಕೆ ಹಿಟ್ಟು ಅದು. ಮನೆಯಲ್ಲಿ ಹಿಟ್ಟಿಲ್ಲದವರು ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದು. ಆಗ ಮುನಿಗಂಗಮ್ಮ ಬೆನ್ನು ತಿರುಗಿಸಿ ಕೂರುತ್ತಾರೆ.

"ನೋಡಿದ್ರೆ ಅವ್ರಿಗೆ ನಾಚ್ಕೆ ಅಲ್ವಾ? ಲಾಕ್‌ಡೌನಲ್ಲಿ ದಿನಾ ಡಬ್ಬ ಖಾಲಿ. ಯಾರ ಮನೆ ಹಿಟ್ಟು ಯಾರ ಹೊಟ್ಟೆಗೆ ಹೋಯ್ತೋ, ಕೇಳಿದೋರೇ ಇಲ್ಲ."

ಎರಡು ವರ್ಷದ ಹಿಂದೆ ಒಂದು ಮೆರವಣಿಗೆಯಲ್ಲಿ ಸೌಂಡ್ ಬಾಕ್ಸಿನ ವಿಷಯಕ್ಕೆ ಕಲ್ಲು ತೂರಾಟವಾಯಿತು. ಆ ಸಲ ಯಾವ ಭಾಷೆಯಲ್ಲೂ ರಾಜಿಯಾಗಲಿಲ್ಲ. ವಾರದೊಳಗೆ ಒಂದು ಕಡೆಯವರು ಬಂದು, "ಅವರದಾದ ಮೇಲೆ ನಮ್ಮದು ಹಾಕಬೇಡಿ" ಎಂದರು. ಸಂಜೆ ಇನ್ನೊಂದು ಕಡೆಯವರೂ ಅದನ್ನೇ ಹೇಳಿದರು. ಮುನಿಗಂಗಮ್ಮ ಬೈದರು, ಅತ್ತರು, ಕೊನೆಗೆ ಸೋತರು. ಬೆಳಿಗ್ಗೆ ಒಬ್ಬರಿಗೆ, ಸಾಯಂಕಾಲ ಇನ್ನೊಬ್ಬರಿಗೆ ಎಂದಾಯಿತು. ಯಾವ ಹೊತ್ತಿಗೂ ಸೇರದ ತಮಿಳರು ಪ್ಯಾಕೆಟ್ ಹಿಟ್ಟು ಹಿಡಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗೆ ಮಿಷನ್ನು ಸೊರಗಿತು.

ಡಬ್ಬವನ್ನೂ ಎರಡು ಮಾಡಿ ಎಂದು ಎರಡೂ ಕಡೆಯವರು ಗಂಟುಬಿದ್ದರು. "ಅದೊಂದು ನನ್ ಕೈಲಿ ಆಗಲ್ಲಪ್ಪ. ಬೇಕಾದ್ರೆ ಮಿಷನ್ನೇ ಮುಚ್ತೀನಿ," ಎಂದರು ಇವರು. ಅದೊಂದು ಹಟ ಮಾತ್ರ ಅವರಲ್ಲಿ ಉಳಿದಿತ್ತು.

ಹೋದ ವಾರ ಬೈರಮ್ಮ ಬಂದರು. ಪ್ಲಾಸ್ಟಿಕ್ ಆಯ್ದು ಬದುಕುವ ಒಂಟಿ ಮುದುಕಿ. ಎಷ್ಟೋ ವರ್ಷದಿಂದ ಈ ಡಬ್ಬವೇ ಅವರ ಅನ್ನದಾತ. ಮುನಿಗಂಗಮ್ಮ ಎಂದಿನಂತೆ ಬೆನ್ನು ತಿರುಗಿಸಿ ಕೂತರು. ಮುಚ್ಚಳ ತೆಗೆದ ಸದ್ದಾಯಿತು. ಹಿಟ್ಟು ತುಂಬಿಕೊಳ್ಳುವ ಸದ್ದು ಮಾತ್ರ ಬರಲಿಲ್ಲ.

"ಅಕ್ಕಾ, ಇದ್ರಲ್ಲಿ ಸಾಯಂಕಾಲದೋರ್ದೂ ಐತಾ?"

"ಎಲ್ಲಾರ್ದೂ ಐತೆ ಕಣೇ. ಯಾವತ್ತೂ ಇದ್ದಿದ್ದೇ."

"ವದ್ದಕ್ಕಾ, ಆಕಲಿ ಲೇದು." ಬೇಡ, ಹಸಿವಿಲ್ಲ ಎಂದು ತೆಲುಗಿನಲ್ಲಿ ಹೇಳಿ ಬೈರಮ್ಮ ಮುಚ್ಚಳ ಹಾಕಿ ಹೊರಟುಹೋದರು. ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲವೆಂದು ಮುನಿಗಂಗಮ್ಮನಿಗೆ ಗೊತ್ತಿತ್ತು.

ಆ ಹಿಟ್ಟಿಗೆ ಹುಳ ಬೀಳುವ ಮುಂಚೆ ಮುನಿಗಂಗಮ್ಮ ಈಗ ತಾವೇ ರೊಟ್ಟಿ ತಟ್ಟಿಕೊಳ್ಳುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಡಬ್ಬದ ಮುಚ್ಚಳದ ಮೇಲೆ ಕೂತ ಹಿಟ್ಟನ್ನು ಅಂಗೈಯಿಂದ ಒರೆಸುತ್ತಾರೆ.

"ಮಿಷನ್ ನಿಂತ್ರೆ ನಿಲ್ಲಲಿ ಸಾರ್. ಬೈರಿ ಒಂದ್ಸಲ ಬಂದು ಬೊಗಸೆ ಹಿಟ್ಟು ತಗೊಂಡು ಹೋಗ್ಲಿ. ಹೊಟ್ಟೆ ತುಂಬಿದೋರು ಯಾರ್ದು ಅಂತ ಕೇಳಿದ್ರು, ತಡ್ಕೊಂಡೆ. ಹಸ್ದೋಳೂ ಕೇಳ್ಬಿಟ್ಲಲ್ಲ."