ದೊರೆಯ ಕೆನ್ನೆಯ ಗೀರು

ಮಳವಳ್ಳಿಯ ಮಿಡ್ಲ್‌ಸ್ಕೂಲಿನ ಕಸ್ತೂರಿರಂಗ ಮೇಷ್ಟ್ರಿಗೆ ಹಳೆಯ ನಾಣ್ಯಗಳ ಹುಚ್ಚು. ಸಂತೆಯಲ್ಲೋ ಪಾತ್ರೆ ಅಂಗಡಿಯಲ್ಲೋ ಸಿಕ್ಕಿದ ಕಾಸನ್ನು ಕಾಗದದಲ್ಲಿ ಮಡಿಸಿ, ಮೇಲೆ ಊರು, ತೂಕ, ತಂದವರ ಹೆಸರು ಬರೆದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಕೆಲವು ಹೆಸರುಗಳ ಮುಂದೆ 'ನಂಬುವಂತಿಲ್ಲ' ಎಂದೂ ಇರುತ್ತಿತ್ತು. ಕಾಸನ್ನು ನೋಡಿದಷ್ಟೇ ಹೊತ್ತು ತಂದವನ ಮುಖವನ್ನೂ ನೋಡುವವರು ಅವರು. ಮನೆಗೆ ಬಂದ ಹಾಲನ್ನು ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡದೆ ಒಳಗೆ ಕಳಿಸುತ್ತಿರಲಿಲ್ಲ.

೧೯೪೩ರ ಬೇಸಿಗೆಯಲ್ಲಿ ಅಮಲ್ದಾರರ ಕಚೇರಿಯಿಂದ ಅವರಿಗೊಂದು ಚಿನ್ನದ ನಾಣ್ಯ ಬಂತು. ಕಬ್ಬಿನ ಗದ್ದೆಗೆ ಕಾಲುವೆ ತೋಡುವಾಗ ಮರಿಸಿದ್ದಯ್ಯನೆಂಬ ರೈತನಿಗೆ ಸಿಕ್ಕಿದ್ದು. ಅವನೇ ಅದನ್ನು ಪಟೇಲರಿಗೆ ಒಪ್ಪಿಸಿದ್ದ. ಆದರೆ ಒಂದೇ ನಾಣ್ಯವೆಂದರೆ ಊರಿನವರು ನಂಬಲಿಲ್ಲ. ನಾಣ್ಯ ತುಂಬಿದ ಕುಡಿಕೆಯನ್ನು ಹಿತ್ತಲಲ್ಲಿ ಹೂತಿಟ್ಟು, ಕಣ್ಣೊರೆಸಲು ಒಂದನ್ನು ಕೊಟ್ಟಿದ್ದಾನೆ ಎಂದರು. ನೆಲದಲ್ಲಿ ಸಿಕ್ಕ ನಿಧಿಯನ್ನು ಬಚ್ಚಿಟ್ಟರೆ ಜೈಲು. ಮೇಷ್ಟ್ರು ನಾಣ್ಯ ನೋಡಿ ಬರೆದುಕೊಡುವ ಮಾತನ್ನು ಅಮಲ್ದಾರರು ಮೀರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನಾಣ್ಯವನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಒಂದು ಕಡೆ ಎಲೆಗಳ ಪಟ್ಟಿ ಕಟ್ಟಿದ ತಲೆ, ಇನ್ನೊಂದು ಕಡೆ ಪೀಠದಲ್ಲಿ ಕುಳಿತ ಹೆಂಗಸು. ಸುತ್ತಲಿನ ಅಕ್ಷರಗಳನ್ನು ಕೂಡಿಸಿಕೊಂಡು ರೋಮಿನ ದೊರೆ ಟಿಬೇರಿಯಸ್ಸನದೆಂದು ಬರೆದುಕೊಂಡರು. ಆದರೆ ದೊರೆಯ ಕೆನ್ನೆಗೆ ಅಡ್ಡವಾಗಿ ಉಳಿಯ ಒಂದು ಗೀರು ಇತ್ತು. ಚಿನ್ನ ಪರೀಕ್ಷಿಸಲು ಅಕ್ಕಸಾಲಿಗರು ಹಾಕುವಂಥದ್ದು, ಹೊಸದರಂತೆ ಹೊಳೆಯುತ್ತಿತ್ತು. 'ಈಚೆಗೆ ಅಕ್ಕಸಾಲಿಗನಿಗೆ ತೋರಿಸಿದ ಗುರುತಿದೆ, ಬೇರೆ ನಾಣ್ಯಗಳೂ ಇರಬಹುದು' ಎಂದು ಕಾಗದ ಬರೆದು ಮುಗಿಸಿ, ಮರಿಸಿದ್ದಯ್ಯನನ್ನು ತಮ್ಮ ಮನೆಯ ಜಗಲಿಗೆ ಕರೆಸಿದರು. ಹೆಂಡತಿ ಮಹದೇವಮ್ಮನೂ ಜೊತೆಗೆ ಬಂದಳು.

"ಯಾವ ಆಚಾರಿ ಹತ್ರ ಹೋಗಿದ್ದೆಯಯ್ಯ?"

"ಆಚಾರಿ ಕಾಣೋ ಅಂತದ್ದು ನಮ್ಮನೇಲಿ ಇವಳ ತಾಳಿ ಒಂದೇ ಸೋಮಿ. ಅದ್ನೂ ನಮ್ಮಪ್ಪ ಮಾಡ್ಸಿದ್ದು."

"ಮತ್ತೆ ಈ ಗೀರು?"

"ನೆಲದಾಗೆ ಸಿಕ್ದಾಗ್ಲೇ ಇತ್ತು."

"ನೆಲ ಉಳಿ ಹಾಕ್ತದೇನು? ಹೇಗೆ ಹೊಳೀತಿದೆ ನೋಡು."

"ಒಳಿಯಂಗೆ ಮಾಡಿದ್ದು ನಾನು," ಎಂದಳು ಮಹದೇವಮ್ಮ. "ಇತ್ತಾಳೆ ಅಂದ್ಕಂಡು ಉಣ್ಸೆಅಣ್ಣು, ಬೂದಿ ಆಕಿ ತಿಕ್ಕಿವ್ನಿ. ಇಂದ್ಗಡೆ ಅಮ್ಮ ಕುಂತವ್ಳಲ್ಲ, ಅದ್ಕೇ ಮಂಗಳ್ವಾರ ಎಲ್ಡು ಕಡೆನೂ ಕುಂಕುಮ ಇಕ್ಕಿ ಪೂಜೆ ಮಾಡ್ದೆ. ಚಿನ್ನ ಅಂತ ಗೊತ್ತಿದ್ರೆ ಈವಯ್ಯನ ಕೈಗೆ ಕೊಡ್ತಿದ್ನಾ?"

"ಸುಮ್ಕಿರಮ್ಮಿ," ಎಂದ ಮರಿಸಿದ್ದಯ್ಯ. "ನಿನ್ ಪೂಜೆನೇ ನನ್ನ ಜೈಲಿಗೆ ಕಳಿಸ್ತಾ ಅದೆ."

ಇದು ಇಬ್ಬರೂ ಕಲಿತುಬಂದ ಪಾಠವೆಂದೇ ಮೇಷ್ಟ್ರಿಗೆ ಅನ್ನಿಸಿತು. ಆದರೂ ಭೂತಗನ್ನಡಿ ಹಿಡಿದು ಮತ್ತೆ ನೋಡಿದರು. ಗೀರಿನೊಳಗೆ ಕುಂಕುಮ ನಿಜವಾಗಿಯೂ ಇತ್ತು. ಸೂಜಿಯಿಂದ ಅದನ್ನು ಕೆದಕಿ ತೆಗೆದರು. ಕೆಳಗೆ, ಹುಣಸೆಹುಳಿ ಮುಟ್ಟದ ಆಳದಲ್ಲಿ, ಬೂದುಬಣ್ಣದ ಮಣ್ಣು ಕಲ್ಲಿನಂತೆ ಕಚ್ಚಿಕೊಂಡಿತ್ತು. ಸೂಜಿಗೂ ಬಗ್ಗಲಿಲ್ಲ. ಅಕ್ಷರಗಳ ಸಂದಿಯಲ್ಲಿದ್ದದ್ದೂ ಅದೇ ಮಣ್ಣು. ಮೊನ್ನೆ ಬಿದ್ದ ಏಟಿನೊಳಗೆ ಅಂಥ ಮಣ್ಣು ಕೂರುವುದಿಲ್ಲ.

ಮೇಷ್ಟ್ರು ಎದ್ದು ಡಬ್ಬಿ ತೆಗೆದರು. ಅದರಲ್ಲಿ ಇದೇ ದೊರೆಯ ಒಂದು ಬೆಳ್ಳಿ ನಾಣ್ಯವಿತ್ತು. ಅದರ ಕೆನ್ನೆಯ ಮೇಲೂ ಗೀರು. ಕಾಗದದ ಮೇಲೆ 'ಮದ್ದೂರಿನ ಪಾತ್ರೆ ವ್ಯಾಪಾರಿ ಮುದ್ದಯ್ಯ, ನಂಬುವಂತಿಲ್ಲ' ಎಂದಿತ್ತು. ಗೀರು ಹಾಕಿ ಕೆಡಿಸಿದವನು ಅವನೇ ಎಂದು ಎಂಟು ವರ್ಷದಿಂದ ಅವನ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಈಗ ಅದಕ್ಕೂ ಭೂತಗನ್ನಡಿ ಹಿಡಿದರು. ನಾಣ್ಯದ ಮೈಗೆ ಹತ್ತಿದ ಕಪ್ಪೇ ಗೀರಿನ ಬುಡದಲ್ಲೂ ಇತ್ತು. ಮೇಷ್ಟ್ರು ಎರಡು ನಾಣ್ಯಗಳನ್ನೂ ಪಕ್ಕಪಕ್ಕ ಇಟ್ಟರು. ಎರಡು ಗೀರೂ ಹಳೆಯವೇ.

"ಯಾರು ಗೀರಾಕಿದ್ದು ಅಂತಾಯ್ತು ಸೋಮಿ?" ಎಂದು ಮರಿಸಿದ್ದಯ್ಯ ಕೇಳಿದ.

"ಆ ಕಾಲದವರೇ ಇರಬೇಕು. ಪರದೇಶದ ಕಾಸು, ಒಳಗೆ ತಾಮ್ರ ಇದ್ದೀತು ಅಂತ ಅನುಮಾನ."

"ಅವಾಗ್ಲೂ ನಿಮ್ಮಂತೋರು ಇದ್ರು ಅನ್ನಿ," ಎಂದಳು ಮಹದೇವಮ್ಮ.

ಮೇಷ್ಟ್ರು ಮೊದಲಿನ ಕಾಗದವನ್ನು ಹರಿದು ಹೊಸದನ್ನು ಬರೆದರು. ಗೀರು ನಾಣ್ಯ ನೆಲ ಸೇರುವ ಮುಂಚಿನದು, ಮರಿಸಿದ್ದಯ್ಯ ಏನನ್ನೂ ಬಚ್ಚಿಟ್ಟದ್ದಕ್ಕೆ ಇದರಲ್ಲಿ ಸಾಕ್ಷಿಯಿಲ್ಲ ಎಂದು ಓದಿ ಹೇಳಿ ರುಜು ಹಾಕಿದರು. ಆದರೂ ಮರಿಸಿದ್ದಯ್ಯ ಜಗಲಿಯಿಂದ ಏಳಲಿಲ್ಲ.

"ಇನ್ನೊಂದ್ಸಲ ಓದಿ ಸೋಮಿ."

"ಯಾಕಯ್ಯ, ನನ್ನ ಮೇಲೆ ನಂಬಿಕೆ ಇಲ್ಲವೇ?"

"ಅರಿದಾಕಿದ್ರಲ್ಲ, ಅದ್ರಲ್ಲಿ ಏನ್ ಬರ್ದಿದ್ರಿ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಒಂದಕ್ಷರವೂ ಬಿಡದೆ, ಹೊಸ ಕಾಗದವನ್ನು ಮೊದಲಿನಿಂದ ನಿಧಾನವಾಗಿ ಓದಿದರು.