ಸೇಸಪ್ಪನವರ ಹಾರುವ ಯಂತ್ರ

ಕೆಂಡಲ್ ಪಾರ್ಕ್ ಎಂಬ ಅಮೆರಿಕದ ಊರಿನಲ್ಲಿ ನಮ್ಮ ಎದುರು ಮನೆಯ ಸೇಸಪ್ಪನವರು ಪುತ್ತೂರಿನ ಕಡೆಯವರು. ಫ್ಲಶಿಂಗಿನ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ದೋಸೆ ಹುಯ್ದು, ಮಂಡಿನೋವು ಬಂದಮೇಲೆ ಮಗನ ಮನೆ ಸೇರಿದರು. ಸುಮ್ಮನೆ ಕೂರುವ ಜೀವವಲ್ಲ. ಲೈಬ್ರರಿಗೆ ಹೋಗಿ ನೂರು ವರ್ಷಕ್ಕೂ ಹಿಂದಿನ ವಿಮಾನಗಳ ಪೇಟೆಂಟ್ ಕಾಗದ ಪ್ರಿಂಟ್ ಹಾಕಿಸಿಕೊಂಡು ಬರುತ್ತಿದ್ದರು.

"ಏನ್ರೀ ಅದು?" ಎಂದು ಕೇಳಿದೆ.

"ಇದಾ ಅಕ್ಕ? 'ನಾನು ಕಂಡುಹಿಡಿದದ್ದು, ನನ್ನನ್ನು ಕೇಳದೆ ಯಾರೂ ಮಾಡ್ಬಾರದು' ಅಂತ ಸರ್ಕಾರದಿಂದ ಬರೆಸಿಕೊಂಡದ್ದು. ಈಗ ಅವಧಿ ಮುಗಿದಿದೆ. ನಾನು ಮಾಡಿದ್ರೆ ಕೇಳ್ಲಿಕ್ಕೆ ಯಾರೂ ಇಲ್ಲ ಮಾರಾಯ್ರೆ!"

ನಾಲ್ಕನೇ ಕ್ಲಾಸು ಓದಿದ ನನಗೆ ಅಕ್ಷರ ದಕ್ಕಲಿಲ್ಲ, ಚಿತ್ರ ದಕ್ಕಿತು. ಒಂದರ ಮೇಲೊಂದು ಎರಡು ರೆಕ್ಕೆ, ಪ್ರತಿ ಕಡ್ಡಿಗೂ ಒಂದು ನಂಬರು.

ಅದನ್ನೇ ನೋಡಿ ಆರಡಿ ಅಗಲದ ಯಂತ್ರವೊಂದು ಗರಾಜಿನಲ್ಲಿ ಎದ್ದಿತು. ಇಂಜಿನ್ ಇಲ್ಲ, ಆಳು ಕೂರುವಂಥದ್ದೂ ಅಲ್ಲ; ಕೈಯಿಂದ ಬಿಟ್ಟರೆ ಗಾಳಿಯಲ್ಲಿ ತೇಲುವಂಥದ್ದು. ರೆಕ್ಕೆಗೆ ನಮ್ಮೆಜಮಾನರ ಹಳೇ ಪಂಚೆ ಕೊಟ್ಟೆ. ಬದುಕಿರುವ ತನಕ ವಿಮಾನ ಅಂದರೆ ಹೆದರುತ್ತಿದ್ದರು, ಪಂಚೆಯಾದರೂ ಹಾರಲಿ ಅಂತ.

ಸೊಸೆ ಲಾವಣ್ಯಾ ಮಾತ್ರ ಕೆಂಡವಾಗಿದ್ದಳು. "ಮಾವ, ಸ್ನೋ ಬೀಳೋಕೆ ಮುಂಚೆ ಕಾರಿಗೆ ಗರಾಜ್ ಬೇಕು. ಭಾನುವಾರ ಪಾರ್ಕಲ್ಲಿ ಆ ದಿಬ್ಬದಿಂದ ಗೋಲ್ ಪೋಸ್ಟ್ ತನಕ ಹಾರಿಸಿ. ಹಾರಿದ್ರೆ ಗರಾಜ್ ನಿಮ್ಮದು, ಇಲ್ಲದಿದ್ರೆ ಎಲ್ಲಾ ಟ್ರ್ಯಾಶಿಗೆ."

ಶುಕ್ರವಾರ ಸೇಸಪ್ಪನವರು ಪರೀಕ್ಷೆ ಮಾಡಿದರು. ಯಂತ್ರ ನಾಲ್ಕು ಮಾರು ಹೋಗಿ, ಬಾಯಾರಿದ ಎಮ್ಮೆಯ ಹಾಗೆ ಮೂತಿ ನೆಲಕ್ಕಿಟ್ಟಿತು. ಅವರ ಮುಖವೂ ಹಾಗೇ ಆಯಿತು.

ಮೊಮ್ಮಗಳು ಅನ್ವಿತಾ ಪೇಟೆಂಟ್ ಓದಿ, "ಅಜ್ಜ, ಕ್ಲಾತ್ ಟೈಟಾಗಿರ್ಬೇಕಂತೆ," ಎಂದಳು. ಹೇಗೆ ಬಿಗಿಮಾಡಬೇಕೆಂದು ಪುಣ್ಯಾತ್ಮ ಬರೆದಿರಲಿಲ್ಲ.

ರೆಕ್ಕೆ ಮುಟ್ಟಿ ನೋಡಿದೆ. ಹತ್ತು ಸಲ ಒಗೆದ ಪಂಚೆ ಜೋಲುತ್ತಿತ್ತು. "ಅಲ್ರೀ, ಇಸ್ತ್ರಿಗೆ ಮುಂಚೆ ಕಾಟನ್ ಸೀರೆಗೆ ಏನು ಮಾಡ್ತೀವಿ? ಗಂಜಿ ಹಾಕಿ!"

"ಗಂಜಿಯಾ? ಹುಟ್ಟಿದಾಗಿನಿಂದ ಉಂಡದ್ದು ಅದನ್ನೇ. ಎರಡು ತಿಂಗಳು ತಲೆ ಕೆಡಿಸಿಕೊಂಡ್ರೂ ನೆನಪಾಗ್ಲಿಲ್ಲವಲ್ಲ!"

ಆ ಸಂಜೆ ಕುಚ್ಚಲಕ್ಕಿ ಬೆಂದಿತು. ತಿಳಿಯನ್ನು ಬಟ್ಟೆಗೆ ನಾನು ಸವರಿದೆ; ಅನ್ನವನ್ನು ಅವರು ಉಪ್ಪಿನಕಾಯಿ ನೆಂಚಿಕೊಂಡು ಉಂಡರು. ಶನಿವಾರದ ಬಿಸಿಲಿಗೆ ರೆಕ್ಕೆ ಹಪ್ಪಳದ ಹಾಗೆ ಬಿಗಿದು, ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತಿತ್ತು.

ಭಾನುವಾರ ಅವರು ದಿಬ್ಬದ ಮೇಲಿಂದ ಕೈಬಿಟ್ಟರು. ನಮ್ಮೆಜಮಾನರ ಪಂಚೆ ಒಮ್ಮೆ ಅಲುಗಿ, ನೆಟ್ಟಗಾಗಿ, ಗೋಲ್ ಪೋಸ್ಟನ್ನೂ ದಾಟಿ, ಪಿಕ್‌ನಿಕ್ ಮಾಡುತ್ತಿದ್ದವರ ಕೇಕಿನ ಪಕ್ಕ ಇಳಿಯಿತು. ಎಲ್ಲರಿಗಿಂತ ಜೋರಾಗಿ ಕಿರುಚಿದವಳು ಲಾವಣ್ಯಾ.

"ಸರಿ ಮಾವ, ಗರಾಜ್ ನಿಮ್ಮದೇ. ಆದ್ರೆ ನನ್ನ ಕಾರಿನ ಸ್ನೋ ಕೆರೆಯೋದೂ ನೀವೇ!"

ಈ ಚಳಿಗಾಲವಿಡೀ ಬೆಳಿಗ್ಗೆ ಕಿಟಕಿಯಿಂದ ನೋಡುತ್ತಿದ್ದೇನೆ. ಟೊಪ್ಪಿ ಹಾಕಿಕೊಂಡ ಸೇಸಪ್ಪನವರು ಕಾರಿನ ಗಾಜಿನ ಮೇಲಿನ ಹಿಮವನ್ನು ಅಂಚಿನಿಂದ ಬಿಡಿಸಿ, ಒಂದೇ ಬೀಸಿಗೆ ಹರಿಯದ ಹಾಗೆ ಎಬ್ಬಿಸುತ್ತಾರೆ, ಥೇಟ್ ದೋಸೆಯಂತೆ.