ಬೋಜಾ ಏರಿಸಿದ ಗಿರಿಜಾ ಮೇಡಂ

ಗಿರಿಜಾ ಮೇಡಂ ಓಣಿಗೆ ಬಂದರೆ ಮೊದಲು ಗಟಾರದೊಳಗೆ ಬಗ್ಗಿ ನೋಡುತ್ತಿದ್ದರು. ಮನುಷ್ಯರ ಮುಖ ನೋಡುವುದು ಆಮೇಲೆ. ಪುರಸಭೆಯ ಆರೋಗ್ಯ ನಿರೀಕ್ಷಕಿ. ಒಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು, ನೋಯುವ ಮೊಣಕಾಲನ್ನು ಎಳೆಯುತ್ತಾ ಸವಣೂರಿನ ಓಣಿಗಳನ್ನೆಲ್ಲ ಸುತ್ತಿದವರು. ಅವರು ಬರುವುದು ಕಂಡರೆ ಹೆಂಗಸರು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. "ಈ ನೌಕರಿ ಹಿಡದ ಮ್ಯಾಲೆ ನನಗ 'ಬರ್ರಿ, ಕುಂದರ್ರಿ' ಅನ್ನೋ ಮನಿ ಒಂದೂ ಉಳಿದಿಲ್ಲ ತಂಗಿ" ಎಂದು ಒಮ್ಮೆ ನನ್ನೆದುರು ಅಂದಿದ್ದರು. ದೂರುವ ದನಿಯಲ್ಲ ಅದು, ಬರೀ ದಣಿವು.

ನಮ್ಮ ಮನೆಗೂ ಅವರಿಗೂ ಗಂಟು ಬಿದ್ದದ್ದು ಪಾಯಖಾನೆಯಿಂದ. ಅಪ್ಪ ಗುಂಡಿ ತೋಡಿಸದೆ ಪೈಪನ್ನು ನೇರ ಗಟಾರಕ್ಕೆ ಬಿಟ್ಟಿದ್ದರು. ಅದರ ಮಗ್ಗುಲಲ್ಲೇ ಓಣಿಯವರು ಕುಡಿಯುವ ನೀರಿನ ನಳ. ವಾಂತಿಭೇದಿ ಹಬ್ಬಿ ಬಾಜೂ ಮನೆಯ ಕೂಸು ದವಾಖಾನೆ ಸೇರಿತು, ಹೇಗೋ ಉಳಿಯಿತು. ಮೇಡಂ ನೋಟಿಸು ಕೊಟ್ಟರು. ಅಪ್ಪ ಹರಿದರು. ಮತ್ತೊಂದು ಕೊಟ್ಟರು.

"ನಮ್ಮ ಮನಿ, ನಮ್ಮ ಜಾಗಾ. ಕೇಳಾಕ ನೀವ್ಯಾರ್ರಿ?" ಎಂದು ಅಪ್ಪ ಏರಿ ಹೋದರು.

"ಮನಿ ನಿಮ್ದರಿ ಯಜಮಾನ್ರ. ನೀರು ಓಣ್ಯಾಗಿನ ಮಂದೀದು."

ಕಡೆಗೆ ಪುರಸಭೆಯವರೇ ಗುಂಡಿ ತೋಡಿಸಿದರು. ಖರ್ಚನ್ನು ನಮ್ಮ ಮನೆಯ ಹಕ್ಕಿನ ದಾಖಲೆಯಾದ ಉತಾರದಲ್ಲಿ ಮೇಡಂ ಬೋಜಾ ಎಂದು, ತೀರಿಸಬೇಕಾದ ಸಾಲವಾಗಿ, ಏರಿಸಿದರು. ಆ ಹಣ ಮುಟ್ಟುವವರೆಗೆ ಮನೆಯನ್ನು ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ.

ಅಪ್ಪನಿಗೆ ಅದರ ಬಿಸಿ ತಟ್ಟಿದ್ದು ನನಗೂ ಅಣ್ಣನಿಗೂ ಮನೆ ಹಂಚಲು ಹೊರಟಾಗ. ಕಚೇರಿಗೆ ಹೋಗಿ ಎಲ್ಲರೆದುರು ಮೇಡಂಗೆ ಬಾಯಿಗೆ ಬಂದಂತೆ ಬೈದರು. ಜೊತೆಗೆ ಹೋಗಿದ್ದ ನಾನು ತಲೆ ತಗ್ಗಿಸಿ ನಿಂತಿದ್ದೆ. ಮೇಡಂ ಪೂರ್ತಿ ಕೇಳಿಸಿಕೊಂಡು, "ಬೈರಿ. ಬೈದು ಹಗೂರ ಆಗ್ರಿ. ಖರೆ, ಬೋಜಾ ಹಂಗ ಇಳಿಯೂದಿಲ್ರಿ" ಎಂದರು. ಅಪ್ಪ ಹೊರಗೆ ನಡೆದ ಮೇಲೆ ನನ್ನನ್ನು ಕರೆದು, "ಅಳಬ್ಯಾಡ. ಕಂತಿನ್ಯಾಗ ತುಂಬಾಕ ನಾನು ಸಾಹೇಬ್ರಿಗೆ ಕೇಳ್ತೇನಿ. ನೀ ತುಂಬ್ತಿಯೇನು?" ಅಂದರು.

ಕೇಳಿದರು, ಒಪ್ಪಿಸಿದರು. ಹೊಲಿಗೆ ಕೆಲಸದಲ್ಲಿ ಉಳಿದದ್ದನ್ನು ತಿಂಗಳಿಗೊಮ್ಮೆ ಒಯ್ದು ಕಟ್ಟುತ್ತಿದ್ದೆ. ಹೋದಾಗಲೆಲ್ಲ "ಉಂಡಿಯೇನು?" ಎಂದು ಕೇಳಿ, ತಮ್ಮ ಬುತ್ತಿಯ ಅರ್ಧ ರೊಟ್ಟಿ ಮುರಿದು ಕೊಡುತ್ತಿದ್ದರು. ಮನೆಗೆ ಬೋಜಾ ಏರಿಸಿದವರ ಕೈಯ ರೊಟ್ಟಿ ತಿಂದೆನೆಂದು ಅಪ್ಪನಿಗೆ ಹೇಳಲಿಲ್ಲ. ಕಡೆಗೆ ಬೋಜಾ ಇಳಿದು ಉತಾರ ಖುಲ್ಲಾ ಆಯಿತು, ಮನೆ ಪಾಲಾಯಿತು. ಆದರೂ ಮೇಡಂ ಎದುರು ಬಂದರೆ ಅಪ್ಪ ಮುಖ ತಿರುವುವುದನ್ನು ಬಿಡಲಿಲ್ಲ.

ಅವರು ನಿವೃತ್ತರಾಗಿ ಅಬಲೂರಿನ ತಂಗಿಯ ಮನೆ ಸೇರಿದರೆಂದು ಕೇಳಿದ್ದೆ. ಕಳೆದ ವರ್ಷ ಹಿರೇಕೆರೂರು ಬಸ್‌ ನಿಲ್ದಾಣದಲ್ಲಿ ಕಂಡರು. ಸೊರಗಿದ್ದರು. ನನ್ನ ಕೈ ಹಿಡಿದು ಬಾಜೂ ಕೂರಿಸಿಕೊಂಡರು.

"ಅಪ್ಪಾರು ಹೆಂಗದಾರ?"

"ಹೋಗಿಬಿಟ್ರಿ ಮೇಡಂ. ಯುಗಾದಿ ಮುಂದ."

ಹಿಡಿದ ಕೈ ಬಿಡದೆ ಕೇಳಿದರು, "ನನ್ನ ಮ್ಯಾಲಿನ ಸಿಟ್ಟು ಇತ್ತೇನು, ಕಡೀತನಕ?"

ಇರಲಿಲ್ಲ ಎನ್ನಬಹುದಿತ್ತು. "ಇತ್ರಿ" ಅಂದೆ.

ಅವರು ತಲೆಯಾಡಿಸಿದರು. "ಇರ್ಲಿ ಬಿಡು. ಸಿಟ್ಟು ಮಾಡ್ಕೊಂಡವ್ರೇ ನನಗಿಂತ ಮೊದ್ಲ ಹೋಗಾಕತ್ತಾರ. ಆ ಊರಾಗ ನನ್ನ ನೆನಸಾವ್ರು ಅವ್ರಷ್ಟ ಇದ್ರು."

"ನಾ ಇಲ್ಲೇನ್ರಿ?" ಎನ್ನುವಷ್ಟರಲ್ಲಿ ಅವರ ಬಸ್ಸು ಬಂತು. ಜನ ಮುನ್ನುಗ್ಗಿದರು. ಕಂಬಿ ಹಿಡಿದು ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದ ಅವರನ್ನು ಹಿಂದಿನಿಂದ ಎತ್ತಿ ಹತ್ತಿಸಿದೆ. ನನ್ನ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರಂತೆ.